ಗೇಮಿಂಗ್ ಹ್ಯಾಂಡ್‌ಹೆಲ್ಡ್‌ನಲ್ಲಿ ಸ್ಟೋರೇಜ್ ಫುಲ್ ಆಯ್ತಾ? ಎಸ್‌ಎಸ್‌ಡಿ ಬದಲಿಸುವ ಮುನ್ನ ಇವಿಷ್ಟು ತಿಳಿದಿರಲಿ

ಮುಂಬೈ: ಬೈಕುಲ್ಲಾದಿಂದ ಟ್ಯಾಕ್ಸಿ ಹತ್ತಿದರೆ ಲ್ಯಾಮಿಂಗ್ಟನ್ ರೋಡ್ ದೂರವೇನಲ್ಲ. ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ತಿರದ ಈ ರಸ್ತೆಯ ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ. ಆದರೆ ಕಂಪ್ಯೂಟರ್ ಬಿಡಿಭಾಗ ಹುಡುಕುವವರ ಬಾಯಲ್ಲಿ ಇಂದಿಗೂ ಹಳೆಯ ಹೆಸರೇ. ಬೆಂಗಳೂರಿಗರಿಗೆ ಎಸ್‌ಪಿ ರೋಡ್ ಹೇಗೋ, ಮುಂಬೈನವರಿಗೆ ಇದು ಹಾಗೆ. ಸ್ಟೀಮ್ ಡೆಕ್, ಆರ್‌ಒಜಿ ಅಲೈನಂಥ ಗೇಮಿಂಗ್ ಸಾಧನಗಳಿಗೆ ದೊಡ್ಡ ಎಸ್‌ಎಸ್‌ಡಿ ಬೇಕೆಂದರೂ ಹೆಜ್ಜೆ ಇಲ್ಲಿಗೇ ಹೊರಳುತ್ತದೆ.

ಎಸ್‌ಎಸ್‌ಡಿ ಬದಲಿಸುವ ಕೆಲಸ ಕೇಳಲು ಕಷ್ಟವೆನಿಸಿದರೂ ಅಷ್ಟೇನೂ ಕಷ್ಟವಲ್ಲ. ಆದರೆ ತಪ್ಪು ಅಳತೆಯ ಡ್ರೈವ್ ತಂದರೆ, ಅಥವಾ ನಕಲಿ ಮಾಲು ಕೈಗೆ ಬಂದರೆ ಹಣವೂ ಹೋಗುತ್ತದೆ, ಆಟದಲ್ಲಿ ಉಳಿಸಿಕೊಂಡಿದ್ದ ಪ್ರಗತಿಯೂ ಹೋಗಬಹುದು. ಹಾಗಾದರೆ ಏನು ನೋಡಬೇಕು? ಇಲ್ಲಿದೆ ವಿವರ.

ಜಾಗ ಏಕೆ ಸಾಲುವುದಿಲ್ಲ?

ಆಸುಸ್ ಕಂಪನಿಯ ಆರ್‌ಒಜಿ ಅಲೈ 2023ರಲ್ಲಿ ಭಾರತಕ್ಕೆ ಬಂದಾಗ ಅದರಲ್ಲಿದ್ದದ್ದು 512 ಜಿಬಿ ಸ್ಟೋರೇಜ್. ವಿಂಡೋಸ್‌ನಲ್ಲಿ ಅದು ಕಾಣುವುದು ಸುಮಾರು 476 ಜಿಬಿ ಎಂದು. ಡ್ರೈವ್ ತಯಾರಕರು ಮತ್ತು ವಿಂಡೋಸ್ ಲೆಕ್ಕ ಹಾಕುವ ರೀತಿ ಬೇರೆ ಬೇರೆಯಾಗಿರುವುದೇ ಇದಕ್ಕೆ ಕಾರಣ. ಅದರಲ್ಲೂ ವಿಂಡೋಸ್ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. 'ಬಾಲ್ಡರ್ಸ್ ಗೇಟ್ 3' ಮತ್ತು 'ರೆಡ್ ಡೆಡ್ ರಿಡೆಂಪ್ಶನ್ 2' ಎರಡಕ್ಕೂ ತಲಾ 150 ಜಿಬಿ ಬೇಕು. ಎರಡು ಆಟ ಹಾಕಿದರೆ ಉಳಿಯುವುದು ಅಷ್ಟಕ್ಕಷ್ಟೇ. 2022ರಲ್ಲಿ ಬಂದ ಸ್ಟೀಮ್ ಡೆಕ್‌ನ ಆರಂಭಿಕ ಮಾದರಿಯಲ್ಲಂತೂ ಇದ್ದದ್ದು ಬರೀ 64 ಜಿಬಿ.

ಮೊದಲು ಮೈಕ್ರೊಎಸ್‌ಡಿ ಕಾರ್ಡ್ ಸಾಕೇ ಎಂದು ನೋಡಿ. ಸಣ್ಣ ಆಟಗಳಿಗೆ, ಹಳೆಯ ಆಟಗಳಿಗೆ ಅದು ಸಾಕಾಗುತ್ತದೆ. ಆದರೆ ಸ್ಟೀಮ್ ಡೆಕ್‌ನಲ್ಲಿ ಕಾರ್ಡ್‌ನ ವೇಗ ಸೆಕೆಂಡಿಗೆ ಸುಮಾರು 100 ಎಂಬಿ ದಾಟುವುದಿಲ್ಲ. ಒಳಗಿನ ಎಸ್‌ಎಸ್‌ಡಿ ಅದಕ್ಕಿಂತ ಎಷ್ಟೋ ಪಟ್ಟು ವೇಗದ್ದು. ದೊಡ್ಡ ಆಟಗಳೇ ಮುಖ್ಯ ಎನ್ನುವವರು ಎಸ್‌ಎಸ್‌ಡಿ ಕಡೆ ಹೋಗುವುದು ಇದಕ್ಕೇ.

2230: ಮರೆಯಬಾರದ ಸಂಖ್ಯೆ

ಅಂಗಡಿಯಲ್ಲಿ 'ಎನ್‌ವಿಎಂಇ ಎಸ್‌ಎಸ್‌ಡಿ ಕೊಡಿ' ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು 2280. ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಸ್ಟೀಮ್ ಡೆಕ್ ಮತ್ತು ಮೊದಲ ಆರ್‌ಒಜಿ ಅಲೈಗೆ ಬೇಕಾದದ್ದು ಕೇವಲ 30 ಮಿ.ಮೀ. ಉದ್ದದ 2230. ಲೆನೊವೊ ಲೀಜನ್ ಗೋದಲ್ಲಿ 2242 ಹಿಡಿಸುತ್ತದೆ. 2024ರ ಆರ್‌ಒಜಿ ಅಲೈ ಎಕ್ಸ್‌ನಲ್ಲಿ ಮಾತ್ರ ಮಾಮೂಲಿ 2280ಕ್ಕೇ ಜಾಗವಿದೆ. ಹೀಗಾಗಿ ಸಾಧನದ ಹೆಸರಿನ ಜತೆ ಮಾದರಿಯನ್ನೂ ಖಚಿತಪಡಿಸಿಕೊಂಡೇ ಖರೀದಿಸಿ.

'2230 ಸಿಗಲಿಲ್ಲ, 2242 ಹೇಗಾದರೂ ಕೂರಿಸೋಣ' ಎಂಬ ಸಾಹಸ ಬೇಡ. ಕೆಲವರು ಸ್ಟೀಮ್ ಡೆಕ್‌ನಲ್ಲಿ ಹೀಗೆ ಮಾಡಿದಾಗ ವಾಲ್ವ್ ಕಂಪನಿಯ ಡಿಸೈನರ್ ಲಾರೆನ್ಸ್ ಯಾಂಗ್ 2022ರ ಜೂನ್‌ನಲ್ಲಿ ಟ್ವಿಟರ್ ಮೂಲಕ ಎಚ್ಚರಿಸಿದ್ದರು. ದೊಡ್ಡ ಡ್ರೈವ್‌ಗಳು ಹೆಚ್ಚು ವಿದ್ಯುತ್ ಎಳೆದು ಹೆಚ್ಚು ಬಿಸಿಯಾಗುತ್ತವೆ, ಪಕ್ಕದ ಚಾರ್ಜಿಂಗ್ ಚಿಪ್ ಮೇಲಿನ ಥರ್ಮಲ್ ಪ್ಯಾಡ್ ಸರಿಸಿದರೆ ಸಾಧನದ ಆಯುಸ್ಸು ಕಡಿಮೆಯಾಗುತ್ತದೆ ಎಂಬುದು ಅವರ ಮಾತಿನ ಸಾರ.

ವೇಗದ ವಿಷಯದಲ್ಲೂ ಒಂದು ಲೆಕ್ಕವಿದೆ. ಸ್ಟೀಮ್ ಡೆಕ್ ಬಳಸುವುದು ಪಿಸಿಐಇ ಜೆನ್ 3. ಜೆನ್ 4 ಡ್ರೈವ್ ಹಾಕಿದರೂ ಕೆಲಸ ಮಾಡುತ್ತದೆ, ಆದರೆ ಜೆನ್ 3 ವೇಗದಲ್ಲೇ ಓಡುತ್ತದೆ. ಅತಿ ವೇಗದ ಡ್ರೈವ್‌ಗೆಂದು ಹೆಚ್ಚುವರಿ ಹಣ ಕೊಡುವ ಅಗತ್ಯವಿಲ್ಲ.

ಸ್ಕ್ರೂ ತೆಗೆಯುವ ಮುನ್ನ

* ಆಟದ ಸೇವ್ ಫೈಲ್‌ಗಳು ಕ್ಲೌಡ್‌ನಲ್ಲಿ ಇವೆಯೇ ನೋಡಿಕೊಳ್ಳಿ. ಸ್ಟೀಮ್‌ನ ಎಲ್ಲ ಆಟಗಳೂ ಕ್ಲೌಡ್ ಸೇವ್ ಬೆಂಬಲಿಸುವುದಿಲ್ಲ. ಅಂಥವನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ.

* ಮೈಕ್ರೊಎಸ್‌ಡಿ ಕಾರ್ಡ್ ಹೊರತೆಗೆಯಿರಿ. ಕಾರ್ಡ್ ಒಳಗಿದ್ದಾಗಲೇ ಸ್ಟೀಮ್ ಡೆಕ್‌ನ ಹಿಂಬದಿ ಕವರ್ ಎಳೆದರೆ ಕಾರ್ಡ್ ಎರಡು ತುಂಡಾಗುತ್ತದೆ. ಬಹಳ ಮಂದಿ ಎಡವುವುದು ಇಲ್ಲೇ.

* ಬ್ಯಾಟರಿ ಚಾರ್ಜ್ ಶೇ.25ಕ್ಕಿಂತ ಕೆಳಗಿರಲಿ. ಸ್ಟೀಮ್ ಡೆಕ್ ಆಗಿದ್ದರೆ ಬಯೋಸ್‌ನಲ್ಲಿ 'ಬ್ಯಾಟರಿ ಸ್ಟೋರೇಜ್ ಮೋಡ್' ಆನ್ ಮಾಡಿ.

* ಸಾಧನ ವಾರಂಟಿಯಲ್ಲಿದ್ದರೆ, ಕವರ್ ತೆರೆದರೆ ಏನಾಗುತ್ತದೆ ಎಂದು ಸರ್ವಿಸ್ ಸೆಂಟರ್‌ಗೆ ಇ-ಮೇಲ್ ಮಾಡಿ, ಉತ್ತರ ಇಟ್ಟುಕೊಳ್ಳಿ. ವಾಲ್ವ್ ಭಾರತದಲ್ಲಿ ಸ್ಟೀಮ್ ಡೆಕ್ ಅನ್ನು ನೇರವಾಗಿ ಮಾರುವುದಿಲ್ಲ. ಆಮದು ಮಾಡಿ ಮಾರುವವರಿಂದ ಕೊಂಡಿದ್ದರೆ ಆ ಅಂಗಡಿಯವರು ಕೊಟ್ಟ ಭರವಸೆಯೇ ನಿಮ್ಮ ವಾರಂಟಿ.

ಬದಲಿಸುವುದು ಹೇಗೆ?

ಸ್ಟೀಮ್ ಡೆಕ್ ಹಿಂಬದಿಯಲ್ಲಿ ಎಂಟು ಸ್ಕ್ರೂಗಳಿವೆ. ನಾಲ್ಕು ಉದ್ದ, ನಾಲ್ಕು ಗಿಡ್ಡ. ಯಾವುದು ಎಲ್ಲಿಯದು ಎಂದು ಕಾಗದದ ಮೇಲೆ ಗುರುತು ಮಾಡಿಡಿ. ಆರ್‌ಒಜಿ ಅಲೈನಲ್ಲಿ ಆರು ಸ್ಕ್ರೂಗಳಿದ್ದು, ಕೆಳಗಿನ ಮಧ್ಯದ್ದು ಸಡಿಲವಾಗುತ್ತದೆಯೇ ಹೊರತು ಪೂರ್ತಿ ಹೊರಬರುವುದಿಲ್ಲ. ಅದನ್ನು ಬಲವಂತವಾಗಿ ಕೀಳಬೇಡಿ.

ಕವರ್ ಅಂಚನ್ನು ತೆಳುವಾದ ಪ್ಲಾಸ್ಟಿಕ್ ತುಂಡಿನಿಂದ ನಿಧಾನವಾಗಿ ಬಿಡಿಸಿ, ಕಬ್ಬಿಣದ ಚಾಕು ಬೇಡ. ಸ್ಟೀಮ್ ಡೆಕ್‌ನಲ್ಲಿ ಲೋಹದ ಹೊದಿಕೆಯನ್ನೂ ತೆಗೆಯಬೇಕು. ಅದರ ಒಂದು ಸ್ಕ್ರೂ ಬೆಳ್ಳಿ ಬಣ್ಣದ ಟೇಪ್ ಕೆಳಗೆ ಅಡಗಿರುತ್ತದೆ. ಮುಂದಿನ ಹೆಜ್ಜೆ ಬ್ಯಾಟರಿ ಕನೆಕ್ಟರ್ ಬಿಡಿಸುವುದು. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಎಸ್‌ಎಸ್‌ಡಿ ಹಿಡಿದಿರುವುದು ಒಂದೇ ಸ್ಕ್ರೂ. ಅದನ್ನು ತೆಗೆದೊಡನೆ ಡ್ರೈವ್ ಮೇಲಕ್ಕೆ ಓರೆಯಾಗಿ ಏಳುತ್ತದೆ. ಸ್ಟೀಮ್ ಡೆಕ್‌ನ ಹಳೆ ಡ್ರೈವ್‌ಗೆ ಸುತ್ತಿರುವ ಲೋಹದ ಹಾಳೆಯನ್ನು ಹೊಸದಕ್ಕೆ ಹಾಕಿ. ಹೊಸ ಡ್ರೈವ್ ಅನ್ನು ಓರೆಯಾಗಿಯೇ ತೂರಿಸಿ, ಒತ್ತಿ ಸ್ಕ್ರೂ ಹಾಕಿ, ಬ್ಯಾಟರಿ ಜೋಡಿಸಿ.

ಇನ್ನು ಸಾಫ್ಟ್‌ವೇರ್. ಸ್ಟೀಮ್ ಡೆಕ್‌ಗೆ ವಾಲ್ವ್ ಉಚಿತವಾಗಿ ಕೊಡುವ ರಿಕವರಿ ಇಮೇಜ್ ಅನ್ನು 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವ್‌ಗೆ ಬರೆದು, ಅದರಿಂದ ಬೂಟ್ ಮಾಡಿದರೆ ಸ್ಟೀಮ್‌ಓಎಸ್ ಹೊಸದಾಗಿ ಕೂರುತ್ತದೆ. ಆರ್‌ಒಜಿ ಅಲೈನ ಬಯೋಸ್‌ನಲ್ಲೇ 'ಕ್ಲೌಡ್ ರಿಕವರಿ' ಇದೆ. ವೈಫೈ ಇದ್ದರೆ ವಿಂಡೋಸ್ ಅದೇ ಡೌನ್‌ಲೋಡ್ ಆಗುತ್ತದೆ. ವಿಂಡೋಸ್ ಲೈಸೆನ್ಸ್ ಮದರ್‌ಬೋರ್ಡ್‌ಗೆ ಸೇರಿದ್ದರಿಂದ ಮತ್ತೆ ಹಣ ಕೊಡಬೇಕಿಲ್ಲ.

ಅಗ್ಗದ ಮಾಲಿನ ಆಸೆ ಬೇಡ

2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆ ಅದಕ್ಕೆ ದೊಡ್ಡ ಕಾರಣ. ಇಂಥ ಹೊತ್ತಿನಲ್ಲಿ ಯಾರಾದರೂ 2 ಟಿಬಿ ಡ್ರೈವ್ ಅನ್ನು ಅರ್ಧ ಬೆಲೆಗೆ ಕೊಡುತ್ತೇನೆಂದರೆ ಅನುಮಾನಿಸಿ. 2230 ಡ್ರೈವ್‌ಗಳು ಲ್ಯಾಪ್‌ಟಾಪ್‌ಗಳಲ್ಲೂ ಇರುತ್ತವೆ. ಬಳಸಿದ ಲ್ಯಾಪ್‌ಟಾಪ್‌ನಿಂದ ಕಿತ್ತದ್ದನ್ನು ಹೊಸದೆಂದು ಮಾರುವ ಸಾಧ್ಯತೆಯಿದೆ. ಕಡಿಮೆ ಜಾಗದ ಡ್ರೈವ್ ಅನ್ನು ಹೆಚ್ಚಿನದೆಂದು ತೋರಿಸುವ ನಕಲಿಗಳೂ ಇವೆ. ಇವು ತುಂಬುವ ತನಕ ಸರಿಯಾಗಿಯೇ ಕಾಣುತ್ತವೆ, ಆಮೇಲೆ ಫೈಲ್‌ಗಳು ಹಾಳಾಗುತ್ತವೆ.

ಪತ್ತೆಗೆ ದಾರಿ ಇದೆ. 'ಕ್ರಿಸ್ಟಲ್ ಡಿಸ್ಕ್ ಇನ್ಫೋ' ಎಂಬ ಉಚಿತ ತಂತ್ರಾಂಶದಲ್ಲಿ ಡ್ರೈವ್ ಎಷ್ಟು ಗಂಟೆ ಓಡಿದೆ ಎಂದು ಕಾಣುತ್ತದೆ. ಹೊಸದೆಂದು ಕೊಟ್ಟದ್ದರಲ್ಲಿ ಸಾವಿರಾರು ಗಂಟೆ ತೋರಿಸಿದರೆ ಹಿಂತಿರುಗಿಸಿ. 'ಎಚ್2ಟೆಸ್ಟ್‌ಡಬ್ಲ್ಯೂ' ಡ್ರೈವ್ ಪೂರ್ತಿ ಬರೆದು, ಓದಿ ನೋಡಿ ನಿಜವಾದ ಜಾಗ ಎಷ್ಟೆಂದು ಹೇಳುತ್ತದೆ. ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಆದ್ದರಿಂದ ಅಂಗಡಿಯಲ್ಲೇ ಆಗದಿದ್ದರೂ, ಮನೆಗೆ ಹೋದ ದಿನವೇ ಮಾಡಿ ಮುಗಿಸಿ.

ಇದೆಲ್ಲಕ್ಕೂ ಬೆಲೆ ಬರುವುದು ಕೈಯಲ್ಲಿ ಬಿಲ್ ಇದ್ದಾಗ ಮಾತ್ರ. 'ಬಿಲ್ ಬೇಡವೆಂದರೆ ಸ್ವಲ್ಪ ಕಡಿಮೆ ಮಾಡ್ತೀನಿ' ಎಂಬ ಮಾತಿಗೆ ಒಪ್ಪಬೇಡಿ. ಡ್ರೈವ್‌ನ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಪಡೆಯಿರಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಹಳೆಯ ಎಸ್‌ಎಸ್‌ಡಿಯನ್ನೂ ಒಡನೆ ಮಾರಬೇಡಿ. ಹೊಸದು ಒಂದೆರಡು ವಾರ ತೊಂದರೆಯಿಲ್ಲದೆ ಓಡುವವರೆಗೆ ಅದನ್ನು ಹಾಗೆಯೇ ಇಟ್ಟುಕೊಳ್ಳಿ. ಏನಾದರೂ ಕೆಟ್ಟರೆ ಅದನ್ನೇ ಮತ್ತೆ ಹಾಕಿ ಆಟ ಮುಂದುವರಿಸಬಹುದು.