ಟವೆಲ್ ಕೊಡ್ರಿ: ಸೇಡಂನಿಂದ ರೋಮ್‌ವರೆಗೆ

ಸೇಡಂ, ಚಿತ್ತಾಪುರ, ವಾಡಿಯ ಮಾತಿನಲ್ಲಿ ‘ದಯವಿಟ್ಟು’ ಅಪರೂಪ. ಹಾಗಂತ ವಿನಯಕ್ಕೇನೂ ಬರವಿಲ್ಲ. ಲಾಡ್ಜಿನಲ್ಲಿ ‘ಒಂದ್ ಟವೆಲ್ ಕೊಡ್ರಿ’ ಎಂದಾಗ ಕ್ರಿಯಾಪದದ ತುದಿಯ ‘ರಿ’ಯೇ ಮರ್ಯಾದೆಯನ್ನೆಲ್ಲ ಹೊರುತ್ತದೆ. ಇಟಲಿಯ ಹೋಟೆಲಿನಲ್ಲೂ ಹೆಚ್ಚಿನ ಕೆಲಸ ಕ್ರಿಯಾಪದದ್ದೇ. ‘ಪೆರ್ ಫವೋರೆ’ ಎಂದು ದಯವಿಟ್ಟು ಸೇರಿಸಿದರಷ್ಟೇ ಸಾಲದು. ‘ಬೇಕು’ ಎನ್ನುವ ‘ವೋಲ್ಯೊ’ ಒರಟು, ‘ಬೇಕಿತ್ತು’ ಎನ್ನುವಂಥ ‘ವೊರ್ರೇಯ್’ ಮೆತ್ತಗೆ. ಕೆಲಸ ಹೇಳುವಾಗ ಸಲಿಗೆಯ ‘ಪ್ವೊಯ್’ ಬಿಟ್ಟು ‘ಪೊತ್ರೆಬ್ಬೆ’, ಅಂದರೆ ‘ಆದೀತೇ’, ಎಂದು ಶುರುಮಾಡಬೇಕು.

ಜಗಳದಲ್ಲೂ ‘ರಿ’ ಬರುತ್ತದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಬರುತ್ತದೆ, ಅದು ಅಂತರ ಕಾಯುತ್ತದೆಯೇ ಹೊರತು ಪ್ರೀತಿಗೆ ಜಾಮೀನು ನಿಲ್ಲುವುದಿಲ್ಲ. ಇಟಾಲಿಯನ್ನಿನ ಗೌರವದ ‘ಲೇಯ್’ ಕೂಡ ಅಷ್ಟೇ. ಶಹಾಬಾದ್, ಚಿಂಚೋಳಿಯವರನ್ನು ಎಡವಿಸುವುದು ಬೇರೆಯೇ: ಇಟಾಲಿಯನ್ನಿನಲ್ಲಿ ಗೌರವಕ್ಕೆ ಬಹುವಚನವಲ್ಲ, ‘ಅವಳು’ ಎಂಬ ಏಕವಚನದ ರೂಪ, ಗಂಡಸರಿಗೂ!