ಬೆವರು ಹೇಳುವುದೆಷ್ಟು?

ಸಂದರ್ಶನಕ್ಕೆಂದು ಬಾಗಿಲಾಚೆ ಕಾದು ಕೂತವರ ಅಂಗೈ ಒದ್ದೆಯಾಗುವುದು ಸೆಕೆಯಿಂದಲ್ಲ. ಮೈಯ ಬೇರೆ ಭಾಗಗಳ ಬೆವರಿನ ಮುಖ್ಯ ಕೆಲಸ ಶಾಖ ಇಳಿಸುವುದು. ಅಂಗೈ ಅಂಗಾಲುಗಳ ಬೆವರುಗ್ರಂಥಿಗಳು ಮಾತ್ರ ಮನಸ್ಸಿನ ತಳಮಳಕ್ಕೆ ಬಲುಬೇಗ ಓಗೊಡುತ್ತವೆ. ಅಪಾಯ ಕಂಡಾಗ ಓಡಲೋ ಹೊಡೆದಾಡಲೋ ಮೈಯನ್ನು ಅಣಿಮಾಡುವ ಸಿಂಪಥೆಟಿಕ್ ನರವ್ಯೂಹವೇ ಇವನ್ನೂ ಆಳುತ್ತದೆ. ಹೃದಯದ ಓಟ ಹೆಚ್ಚಿಸುವ ನರಗಳೂ ಇವೆ, ತಗ್ಗಿಸುವ ವೇಗಸ್ ನರವೂ ಇದೆ. ಬೆವರುಗ್ರಂಥಿಗೆ ಹಾಗೆ ಇಬ್ಬರು ಯಜಮಾನರಿಲ್ಲ. ಭಾವನೆಗಳನ್ನು ಅಳೆಯಹೊರಟವರು ಎಲ್ಲಕ್ಕಿಂತ ಹೆಚ್ಚಾಗಿ ಬೆವರನ್ನು ನೆಚ್ಚಿಕೊಂಡದ್ದು ಇದೇ ಕಾರಣಕ್ಕೆ.

ಅಳೆಯುವ ವಿಧಾನ ಸರಳ. ಎರಡು ಬೆರಳುಗಳಿಗೆ ಎಲೆಕ್ಟ್ರೋಡ್ ಕಟ್ಟಿ, ಗೊತ್ತೇ ಆಗದಷ್ಟು ಸಣ್ಣ ವಿದ್ಯುತ್ ಹರಿಸುತ್ತಾರೆ. ಉಪ್ಪುನೀರಿನ ಬೆವರು ಗ್ರಂಥಿಯ ನಾಳದಲ್ಲಿ ಏರಿದಂತೆ ಚರ್ಮದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಹಠಾತ್ತನೆ ಸದ್ದಾದರೆ ಒಂದರಿಂದ ಮೂರು ಸೆಕೆಂಡಿನೊಳಗೆ ಗೆರೆ ಮೇಲೇಳುತ್ತದೆ. ಫ್ರಾನ್ಸಿನ ಶಾರ್ಲ್ ಫೆರೆ ಇದನ್ನು 1888ರಲ್ಲೇ ಗುರುತಿಸಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜ್ಯೂರಿಕ್‌ನಲ್ಲಿದ್ದ ಕಾರ್ಲ್ ಯೂಂಗ್, ರೋಗಿಗಳಿಗೆ ಒಂದೊಂದೇ ಪದ ಓದಿ ಹೇಳುತ್ತಾ ಗ್ಯಾಲ್ವನೋಮೀಟರಿನ ಮುಳ್ಳನ್ನು ಗಮನಿಸಿದರು. ಯಾವುದೋ ಪದಕ್ಕೆ ಮುಳ್ಳು ಜಿಗಿದರೆ ಅದರ ಹಿಂದೆ ಮನಸ್ಸನ್ನು ಕಲಕುವ ಏನೋ ಇದೆ ಎಂದು ಅವರಿಗೆ ಸುಳಿವು ಸಿಗುತ್ತಿತ್ತು. ಆದರೆ ಆ ಕಲಕು ನಾಚಿಕೆಯದೋ, ಸಿಟ್ಟಿನದೋ, ಹಳೆಯ ದುಃಖದ್ದೋ? ಮುಳ್ಳಿಗೆ ಅದು ತಿಳಿಯದು.

ಈ ಮಾತನ್ನು ನಮ್ಮವರು ರಂಗಭೂಮಿಯಲ್ಲಿ ನಿಂತು ಬಹು ಹಿಂದೆಯೇ ಕಂಡುಕೊಂಡಿದ್ದರು. ಭರತನ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಎಲ್ಲವೂ ಮೈಯಲ್ಲಿ ಕಾಣುವ ಗುರುತುಗಳೇ. ನನಗೆ ಬೆರಗೆನಿಸುವುದು ಪಟ್ಟಿಯಲ್ಲ, ಅದರ ಮುಂದಿನ ವಿವರ. ಬೆವರು ಯಾಕೆ ಬರುತ್ತದೆ ಎಂಬಲ್ಲಿ ಭರತ ಸಿಟ್ಟು, ಭಯ, ಹರ್ಷ, ಲಜ್ಜೆ, ದುಃಖಗಳ ಜೊತೆಗೇ ದಣಿವು, ರೋಗ, ಬಿಸಿಲಿನ ತಾಪವನ್ನೂ ಸೇರಿಸುತ್ತಾನೆ. ಬೆವರೊಂದನ್ನೇ ನೋಡಿ ಯಾವ ಭಾವವೆಂದು ಹೇಳಲಾಗದು. ಕಥೆ ಗೊತ್ತಿರುವ ಪ್ರೇಕ್ಷಕನಿಗೆ ಮಾತ್ರ ಅದು ಅರ್ಥವಾಗುತ್ತದೆ.

ಒಂದೊಂದು ಭಾವಕ್ಕೂ ಮೈಯಲ್ಲಿ ಒಂದೊಂದು ಖಚಿತ ಸಹಿ ಇರಬೇಕೆಂದು ವಿಜ್ಞಾನಿಗಳು ಆಮೇಲೂ ಹುಡುಕಿದರು. 1953ರಲ್ಲಿ ಅಮೆರಿಕದ ಆಲ್ಬರ್ಟ್ ಆಕ್ಸ್, ಮೈಗೆ ತಂತಿ ಕಟ್ಟಿಸಿಕೊಂಡು ಕೂತವರನ್ನು ಒಮ್ಮೆ ಅವಮಾನಿಸಿ ಕೆರಳಿಸುವಂತೆ, ಇನ್ನೊಮ್ಮೆ ಯಂತ್ರ ಕೆಟ್ಟು ಶಾಕ್ ಹೊಡೆಯಬಹುದೆಂದು ಹೆದರಿಸುವಂತೆ ಪ್ರಯೋಗ ಹೂಡಿದರು. ಸಿಟ್ಟು ಮತ್ತು ಭಯದ ಲಕ್ಷಣಗಳು ಬೇರೆಬೇರೆಯಾಗಿ ಕಂಡವು. ಆಸೆ ಚಿಗುರಿತು. ಆದರೆ ಇಂಥ 202 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಗೆ ಯಾವ ಭಾವಕ್ಕೂ ತನ್ನದೇ ಆದ ಸ್ಥಿರ ಗುರುತು ಸಿಗಲಿಲ್ಲ. ಯೋಚಿಸಿದರೆ ಇದು ಸಹಜವೇ. ಮೇಲಧಿಕಾರಿಯ ಮುಂದೆ ಸಿಟ್ಟು ನುಂಗಿಕೊಂಡು ನಿಂತವನ ಮೈಯೂ ಬಸ್ಸಿನಲ್ಲಿ ತೋಳೇರಿಸಿ ಜಗಳಕ್ಕೆ ನಿಂತವನ ಮೈಯೂ ಒಂದೇ ರೀತಿ ಇರಲು ಹೇಗೆ ಸಾಧ್ಯ?

ಇಷ್ಟಾದರೂ ಈ ಅಳತೆ ವ್ಯರ್ಥವಲ್ಲ. ಎಂಐಟಿಯ ರೊಸಾಲಿಂಡ್ ಪಿಕಾರ್ಡ್ ತಮ್ಮ ಪ್ರಯೋಗಾಲಯದ, ಬೆವರು ಅಳೆಯುವ ಮಣಿಕಟ್ಟಿನ ಸೆನ್ಸರ್‌ಗಳನ್ನು ವಿದ್ಯಾರ್ಥಿಯೊಬ್ಬರಿಗೆ ಕೊಟ್ಟಿದ್ದರು. ಮಾತು ಬಾರದ, ಆಟಿಸಂ ಇರುವ ತಮ್ಮನಿಗೆ ಕಟ್ಟಿ ನೋಡುವುದಕ್ಕೆಂದು. ಒಂದು ಮಣಿಕಟ್ಟಿನ ಗೆರೆ ಒಮ್ಮೆ ವಿಪರೀತ ಏರಿತ್ತು, ಇನ್ನೊಂದು ಸುಮ್ಮನಿತ್ತು. ಸೆನ್ಸರ್ ಕೆಟ್ಟಿರಬೇಕೆಂದೇ ಪಿಕಾರ್ಡ್ ಮೊದಲು ಭಾವಿಸಿದರು. ವಿಚಾರಿಸಿದಾಗ ಹುಡುಗನಿಗೆ ಆ ಹೊತ್ತಿಗೆ ಮೂರ್ಛೆರೋಗದ ಸೆಳೆತ ಬಂದಿತ್ತೆಂದು ತಿಳಿಯಿತು. ಆ ಸುಳಿವು ಹಿಡಿದು ನಡೆದ ಸಂಶೋಧನೆಯಿಂದ ಸೆಳೆತ ಪತ್ತೆಹಚ್ಚಿ ಮನೆಯವರನ್ನು ಎಚ್ಚರಿಸುವ ಕೈಪಟ್ಟಿ ಬಂತು. 2018ರಲ್ಲಿ ಅಮೆರಿಕದ ಎಫ್‌ಡಿಎ ಅದಕ್ಕೆ ಅನುಮತಿ ನೀಡಿತು. ಹುಡುಗನ ಭಾವನೆ ಇಂಥದ್ದೆಂದು ಅದು ತೀರ್ಪು ಕೊಡುವುದಿಲ್ಲ. ಮೈಯಲ್ಲಿ ಏನೋ ಆಗುತ್ತಿದೆ, ಯಾರಾದರೂ ಬನ್ನಿ ಎನ್ನುತ್ತದೆ, ಅಷ್ಟೆ.

ಕೆಡುಕು ಹುಟ್ಟುವುದು ತೀರ್ಪು ಕೊಡಹೊರಟಾಗ. 1921ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ಪೊಲೀಸ್ ಇಲಾಖೆಯ ಜಾನ್ ಲಾರ್ಸನ್ ಉಸಿರಾಟ ಮತ್ತು ರಕ್ತದೊತ್ತಡವನ್ನು ಒಟ್ಟಿಗೆ ದಾಖಲಿಸುವ ಯಂತ್ರ ಜೋಡಿಸಿದರು. ಸುಳ್ಳುಪತ್ತೆ ಯಂತ್ರದ ಕಥೆ ಅಲ್ಲಿಂದ ಬೆಳೆಯಿತು. ಅಂಗೈ ಬೆವರು ಆಮೇಲೆ ಸೇರಿಕೊಂಡಿತು. ಸುಳ್ಳು ಹೇಳುವವನಿಗೆ ಸಿಕ್ಕಿಬೀಳುವ ಭಯ. ನಿಜ ಹೇಳುವವನಿಗೆ ತನ್ನನ್ನು ಯಾರೂ ನಂಬುವುದಿಲ್ಲವೇನೋ ಎಂಬ ಭಯ. ಕಾಗದದ ಮೇಲೆ ಎರಡೂ ಏರುಗೆರೆಗಳೇ. ಠಾಣೆ ಮೆಟ್ಟಿಲು ಹತ್ತಿದ ಬಡವನ ಎದೆ ನಿರಪರಾಧಿಯಾದರೂ ಹೊಡೆದುಕೊಳ್ಳುತ್ತದೆ.

ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿದ ತೀರ್ಪಿನಲ್ಲಿ ಕರ್ನಾಟಕದ ಹೆಸರಿದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಸುಳ್ಳುಪತ್ತೆಯ ಪಾಲಿಗ್ರಾಫ್, ಮಂಪರು ಪರೀಕ್ಷೆ, ಬ್ರೇನ್ ಮ್ಯಾಪಿಂಗ್ ಮೂರನ್ನೂ ಯಾರ ಮೇಲೂ ಬಲವಂತವಾಗಿ ನಡೆಸುವಂತಿಲ್ಲ ಎಂದಿತು. ಒಪ್ಪಿಗೆಯಿದ್ದು ನಡೆಸಿದರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕು ಬಾಯಿಮಾತಿಗೆ ಮಾತ್ರ ಸೀಮಿತವಲ್ಲ, ಮೈಯಿಂದ ಹೀಗೆ ಹಿಂಡಿ ತೆಗೆಯುವ ಉತ್ತರಕ್ಕೂ ಅನ್ವಯಿಸುತ್ತದೆ ಎಂಬುದು ಅದರ ತಿರುಳು.

ಈಗ ಯಂತ್ರ ಠಾಣೆಯಿಂದ ಆಚೆ ಬಂದು ಮಣಿಕಟ್ಟಿಗೆ, ಕ್ಯಾಮೆರಾಕ್ಕೆ ಸೇರಿಕೊಂಡಿದೆ. ಕೆಲಸದ ಸ್ಥಳದಲ್ಲಿ, ಶಾಲೆಯಲ್ಲಿ ಎಐ ಮೂಲಕ ದೇಹದ ಸಂಕೇತಗಳಿಂದ ಭಾವನೆ ಊಹಿಸುವುದನ್ನು ಐರೋಪ್ಯ ಒಕ್ಕೂಟ 2025ರ ಫೆಬ್ರುವರಿಯಿಂದ ನಿಷೇಧಿಸಿದೆ. ಚಿಕಿತ್ಸೆ ಮತ್ತು ಸುರಕ್ಷತೆಗೆ ಮಾತ್ರ ವಿನಾಯಿತಿ. ಆರೋಪಿಯ ಬೆವರಿಗೆ ನಮ್ಮ ನ್ಯಾಯಾಲಯ ಕೊಟ್ಟ ರಕ್ಷಣೆ ತರಗತಿಯಲ್ಲಿ ಕೂತ ಮಗುವಿಗೆ, ಕಾಲ್ ಸೆಂಟರಿನಲ್ಲಿ ರಾತ್ರಿಪಾಳಿ ಮಾಡುವವರಿಗೆ ಕೂಡ ಕಾನೂನಿನ ರೂಪದಲ್ಲಿ ಸಿಗಬೇಕು, ಯಂತ್ರಗಳು ಬಂದು ಕೂರುವ ಮೊದಲೇ.