ಘಾಟಿ ಇಳಿಯುವ ಮುನ್ನ ಬ್ರೇಕಿನ ಕಡೆ ಗಮನವಿರಲಿ

ತಾಳವಾಡಿ ಸೀಮೆಯ ನಮಗೆ ಪಿಕಪ್ ಗಾಡಿ ಎಂದರೆ ಮನೆಯ ಮತ್ತೊಂದು ಜೋಡಿ ಎತ್ತು ಇದ್ದಂತೆ. ಕೋಸು, ಟೊಮೆಟೊ, ಬಾಳೆಗೊನೆ ಹೇರಿಕೊಂಡು ಹಾಸನೂರು ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದು ಬಣ್ಣಾರಿ ಸೇರಿದರೆ ಮುಂದೆ ಸತ್ಯಮಂಗಲ. ನಮ್ಮಲ್ಲಿ ಹಲವರ ಗಾಡಿಗಳಿಗೆ ವಯಸ್ಸಾಗಿದೆ. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಬ್ರೇಕ್ ಕೆಟ್ಟರೆ ಗಾಡಿ ನಿಲ್ಲುವುದಿಲ್ಲ. ಆದರೆ ಬ್ರೇಕ್ ಹೇಳದೆ ಕೇಳದೆ ಕೈಕೊಡುವುದು ಅಪರೂಪ. ಅದು ಮೊದಲೇ ಸೂಚನೆ ಕೊಡುತ್ತದೆ. ಆ ಸೂಚನೆಗಳನ್ನು ಮನೆಯವರೆಲ್ಲರೂ ತಿಳಿದಿರುವುದು ಒಳ್ಳೆಯದು.

ಡ್ರಮ್ಮಿನೊಳಗೆ ಏನಿದೆ?

ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುತ್ತದೆ. ಚಕ್ರದ ಜೊತೆ ತಿರುಗುವ ಡ್ರಮ್ಮಿನೊಳಗೆ ಬಾಗಿದ ಎರಡು ಶೂಗಳಿವೆ. ಪೆಡಲ್ ತುಳಿದಾಗ ಬ್ರೇಕ್ ಆಯಿಲಿನ ಒತ್ತಡದಿಂದ ವೀಲ್ ಸಿಲಿಂಡರ್ ಶೂಗಳನ್ನು ಅಗಲಿಸುತ್ತದೆ. ಶೂಗಳ ಮೇಲಿನ ಲೈನರ್ ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲುತ್ತದೆ. ಕಾಲು ತೆಗೆದರೆ ಸ್ಪ್ರಿಂಗುಗಳು ಶೂಗಳನ್ನು ಹಿಂದಕ್ಕೆ ಎಳೆಯುತ್ತವೆ.

ಸೂಚನೆಗಳು ಯಾವುವು?

ಪೆಡಲ್ ತುಂಬಾ ಕೆಳಗಿಳಿದು, ಎರಡು ಮೂರು ಸಲ ತುಳಿದ ಮೇಲೆ ಸರಿಹೋದರೆ, ಹೆಚ್ಚಾಗಿ ಲೈನರ್ ಸವೆದು ಶೂ ಮತ್ತು ಡ್ರಮ್ಮಿನ ನಡುವೆ ಅಂತರ ಹೆಚ್ಚಿದೆ ಎಂದರ್ಥ. ತುಕ್ಕು ಹಿಡಿದ ಅಡ್ಜಸ್ಟರ್ ಕೂಡ ಇದಕ್ಕೆ ಕಾರಣವಾಗಬಹುದು. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದ ಪೆಡಲ್ ಮೆಲ್ಲನೆ ಇಳಿಯುತ್ತಲೇ ಹೋದರೆ ಆಯಿಲ್ ಸೋರುತ್ತಿರಬಹುದು, ಇಲ್ಲವೇ ಮಾಸ್ಟರ್ ಸಿಲಿಂಡರ್ ಕೆಟ್ಟಿರಬಹುದು. ಆ ಗಾಡಿಯನ್ನು ರಸ್ತೆಗೆ ತರಲೇಬಾರದು.

ಕರಕರ ಸದ್ದು ಬಂದರೆ ಲೈನರ್ ಮುಗಿದು ಕಬ್ಬಿಣ ಕಬ್ಬಿಣಕ್ಕೆ ಉಜ್ಜುತ್ತಿರಬಹುದು. ಗಾಡಿ ಒಂದು ಕಡೆಗೆ ಎಳೆದರೆ ಒಂದು ಬದಿಯ ಲೈನರಿಗೆ ಆಯಿಲ್ ಅಥವಾ ಗ್ರೀಸ್ ತಗುಲಿರಬಹುದು. ನೆನೆದ ಲೈನರನ್ನು ಒರೆಸಿ ಮತ್ತೆ ಹಾಕಬೇಡಿ. ಸೋರಿಕೆ ನಿಲ್ಲಿಸಿ ಎರಡೂ ಬದಿಗೆ ಹೊಸದು ಹಾಕಿಸಿ. ಒಂದೇ ಚಕ್ರ ವಿಪರೀತ ಬಿಸಿಯಾಗಿ ಸುಟ್ಟ ವಾಸನೆ ಬಂದರೆ ಹ್ಯಾಂಡ್ ಬ್ರೇಕ್ ಕೇಬಲ್ಲೋ ವೀಲ್ ಸಿಲಿಂಡರೋ ಸಿಕ್ಕಿಕೊಂಡಿದೆಯೇ ನೋಡಿಸಿ.

ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆಯ ಲೈನರುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ. ಸಿಲಿಂಡರಿನ ರಬ್ಬರುಗಳನ್ನು ಪೆಟ್ರೋಲ್, ಡೀಸೆಲ್‌ನಲ್ಲಿ ತೊಳೆದರೆ ಉಬ್ಬಿ ಕೆಡುತ್ತವೆ.

ಘಾಟಿಯಲ್ಲಿ

ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿದ್ದ ಬ್ರೇಕ್ ಘಾಟಿಯಲ್ಲಿ ಸೋಲುವುದೇಕೆ? ಇಳಿಜಾರಿನಲ್ಲಿ ತುಳಿದೇ ಇದ್ದರೆ ಡ್ರಮ್ ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಲೈನರಿನ ಹಿಡಿತವೂ ತಗ್ಗುತ್ತದೆ. ಹಳೆಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ. ಅದು ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಿಸಿದರೆ ಈ ಅಪಾಯ ಬಹಳಷ್ಟು ತಪ್ಪುತ್ತದೆ.

ಹತ್ತುವಾಗ ಹಾಕುವ ಗೇರಿನಲ್ಲೇ ಇಳಿಯಿರಿ. ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದಾಗಲಿ ಎಂಜಿನ್ ಆಫ್ ಮಾಡುವುದಾಗಲಿ ಪ್ರಾಣಕ್ಕೇ ಎರವು. ಬ್ರೇಕ್ ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಆರಲು ಬಿಡಿ. ಕಾದ ಡ್ರಮ್ಮಿಗೆ ನೀರು ಎರಚಿದರೆ ಬಿರುಕು ಬಿಡಬಹುದು. ಮಿತಿಮೀರಿ ಲೋಡು ಹೇರಬೇಡಿ. ಹಬ್ಬಕ್ಕೋ ಮದುವೆಗೋ ಹೊರಟಾಗ ಹಿಂದೆ ಜನರನ್ನು ಕೂರಿಸುವುದಂತೂ ಬೇಡವೇ ಬೇಡ. ಕಾನೂನೂ ಅದನ್ನು ಒಪ್ಪುವುದಿಲ್ಲ.

ಪ್ರಾರ್ಥನೆಯೂ ಎಚ್ಚರವೂ

ಪ್ರಯಾಣಿಕರ ಪಾಲಕರಾದ ಸಂತ ಕ್ರಿಸ್ಟೋಫರರ ಹಬ್ಬ ಜುಲೈ 25ರಂದು. ಆಗ ಅನೇಕ ಕಡೆ ವಾಹನಗಳನ್ನು ಆಶೀರ್ವದಿಸುತ್ತಾರೆ. ನಾವೂ ಕನ್ನಡಿಗೆ ಜಪಸರ ತೂಗುಹಾಕಿ, ಶಿಲುಬೆ ಗುರುತು ಮಾಡಿ ಹೊರಡುತ್ತೇವೆ. ಬಹಳ ಒಳ್ಳೆಯದು. ಆದರೆ ದೇವಾಲಯದ ಶಿಖರದಿಂದ ಕೆಳಗೆ ಧುಮುಕು, ದೂತರು ಕಾಯುತ್ತಾರೆ ಎಂದು ಸೈತಾನ ಹೇಳಿದಾಗ ಯೇಸುಸ್ವಾಮಿ ಒಪ್ಪಲಿಲ್ಲ. ಸವೆದ ಬ್ರೇಕಿನಲ್ಲಿ ಘಾಟಿ ಇಳಿಯುವುದೂ ದೇವರನ್ನು ಪರೀಕ್ಷಿಸಿದಂತೆಯೇ. ನಮ್ಮ ಗಾಡಿಯೆದುರು ಬರುವವರಿಗೂ ಮನೆ ಮಕ್ಕಳಿದ್ದಾರೆ. ಈ ವಾರವೇ ಒಮ್ಮೆ ಡ್ರಮ್ ಬಿಚ್ಚಿಸಿ ನೋಡೋಣ.